ಕುಡಿಯದೆ ನೀರು ಹೊಯ್ದವರು

ನನ್ನ ಗಂಡ ಶಾಪದಿಂದ ಸಾಯಲಿಲ್ಲ. ಉಚ್ಚೆ ಚೀಲದ ಕೆಳಗೆ ಗಂಡಸರಿಗೆ ಮಾತ್ರ ಇರುವ ಒಂದು ಗ್ರಂಥಿ ಇದೆ. ಅದರಲ್ಲಿ ಕ್ಯಾನ್ಸರ್ ಗಂಟು ಬೆಳೆಯಿತು, ದಾರಿ ಕಟ್ಟಿತು, ಆಮೇಲೆ ಬೆನ್ನೆಲುಬಿಗೆ ಇಳಿಯಿತು, ಸತ್ತರು. ಅವರಪ್ಪ ಹೀಗೇ ಸತ್ತದ್ದು, ದೊಡ್ಡಪ್ಪನೂ ಹೀಗೇ. ಡಾಕ್ಟರು ಒಂದು ದಾರಿ ಹೇಳಿದ್ದರು. ಆ ದಾರಿಯಲ್ಲಿ ಹೋಗುವುದಕ್ಕೆ ಇವರಿಗೆ ನಾಚಿಕೆಯಾಯಿತು. ನಡೆದದ್ದು ಇಷ್ಟು. ಮಿಕ್ಕಿದ್ದೆಲ್ಲ ಊರವರ ಬಾಯಿಯದು.

ನಾನು ಓದಿದ್ದು ಎರಡನೇ ಕ್ಲಾಸು. ಉಮ್ಮತ್ತೂರಿನಲ್ಲಿ ನನ್ನ ತವರು. ಅಲ್ಲಿ ಮಠದ ಜಗಲಿಯ ಮೇಲೆ ಮರಳಿನಲ್ಲಿ ಬೆರಳಾಡಿಸಿ ಕಲಿತ ಅಕ್ಷರದಲ್ಲೇ ಇದನ್ನು ಬರೆಯುತ್ತಿದ್ದೇನೆ. ಮಗಳ ಮಗಳು ನರ್ಸು. ತಪ್ಪಿದ ಒತ್ತಕ್ಷರ ಅವಳು ತಿದ್ದುತ್ತಾಳೆ. ವಿಷಯಕ್ಕೆ ಕೈ ಹಾಕಬೇಡ ಎಂದು ಹೇಳಿದ್ದೇನೆ. ಉಚ್ಚೆ ಅನ್ನುವ ಮಾತು ಬೇಡ ಅಜ್ಜಿ, ಮೂತ್ರ ಅಂತ ಹಾಕು ಅಂದಳು. ಮನೆಯಲ್ಲಿ ಎಲ್ಲರೂ ಉಚ್ಚೆ ಅನ್ನುವುದಕ್ಕೇ ನಾಚಿದ್ದರಿಂದ ಒಬ್ಬ ಮನುಷ್ಯ ಹೋದ. ಅದು ಹಾಗೇ ಇರಲಿ.

ನನ್ನನ್ನು ಕೊಟ್ಟ ಮನೆ ಬೇಗೂರಿನಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯ ಬದಿಯಲ್ಲಿತ್ತು. ಊಟಿಗೆ, ಕೇರಳಕ್ಕೆ ಹೋಗುವ ಗಾಡಿಗಳೆಲ್ಲ ನಮ್ಮ ಬಾಗಿಲ ಮುಂದೆಯೇ ಹೋಗಬೇಕು. ಮನೆ ಪಕ್ಕದಲ್ಲಿ ಕಲ್ಲುಕಟ್ಟಿನ ಬಾವಿ, ಬಾವಿಯ ಮುಂದೆ ತೆಂಗಿನ ಗರಿಯ ಚಪ್ಪರ. ಆ ಚಪ್ಪರದಲ್ಲಿ ಪ್ರತಿ ವರ್ಷ ಶಿವರಾತ್ರಿಯಿಂದ ಮೊದಲ ಮಳೆ ಬೀಳುವವರೆಗೆ ಅರವಟ್ಟಿಗೆ. ದಾರಿಯಲ್ಲಿ ಬಂದವರಿಗೆಲ್ಲ ನೀರು. ಎಲ್ಲ ಊರಲ್ಲೂ ಅರವಟ್ಟಿಗೆ ಇಡುತ್ತಾರೆ, ಪುಣ್ಯಕ್ಕೆ. ನಮ್ಮ ಮನೆಯವರು ಇಡುತ್ತಿದ್ದದ್ದು ಹೆದರಿಕೆಗೆ.

ನಾನು ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ಅತ್ತೆ ನನ್ನನ್ನು ಬಾವಿಕಟ್ಟೆಯ ಮೇಲೆ ಕೂರಿಸಿಕೊಂಡು ಹೇಳಿದರು.

"ನೋಡಮ್ಮಿ, ನಿನ್ನ ಗಂಡನ್ ಮುತ್ತಾತ ಈ ಬಾವಿ ತಾವ ನಿಂತಿದ್ನಂತ. ಉರಿಬಿಸ್ಲಲ್ಲಿ ಒಬ್ಳು ಹೆಂಗ್ಸು ಬಂದು, ಒಂದು ಗುಟುಕು ಉಯ್ಯಪ್ಪ ಅಂದ್ಳಂತ. ಯಾವ ಜಾತಿ ಅಂತ ಕೇಳ್ದ. ಅವ್ಳು ಏಳುದ್ಲು. ಇವ್ನು ಬಿಂದ್ಗೆ ಸಮೇತ ಅಗ್ಗಾನ ಪಕ್ಕಕ್ಕೆ ಎಳ್ಕಂಬುಟ್ಟ. ‘ನೀನು ತಡ್ದ ನೀರು ನಿನ್ನ ಗಂಡುಮಕ್ಕಳ ಒಡ್ಲಲ್ಲೇ ನಿಂತ್ಕಳ್ಳಿ’ ಅಂದ್ಬುಟ್ಟು ಓದ್ಲಂತ ಕಣಮ್ಮಿ."

"ಆಮ್ಯಾಕೆ?"

"ಆಮ್ಯಾಕೇನು, ನಿಂತ್ಕಂತು. ನಿನ್ನ ಮಾವನ್ಗೂ ನಿಂತ್ಕಂತು, ಅವ್ರ ಅಣ್ಣಂಗೂ ನಿಂತ್ಕಂತು. ಒಟ್ಟೆ ಬುಡ್ಡೆ ಆಗಿ, ಕೂಗಾಡ್ಕಂಡು ಓದ್ರು."

ಮುತ್ತಾತ ಮಾಡಿದ್ದು ಕೆಟ್ಟ ಕೆಲಸವೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪಾಪಕ್ಕೆ ಮನೆಯವರು ಕಂಡುಕೊಂಡ ಪರಿಹಾರ ನೋಡಿ. ಅರವಟ್ಟಿಗೆಯಲ್ಲಿ ಮನೆಯ ಗಂಡಸೇ ನಿಂತು ತನ್ನ ಕೈಯಾರೆ ನೀರು ಹೊಯ್ಯಬೇಕು. ಹೊಯ್ಯುವವನು ಹೊತ್ತು ಮುಳುಗುವವರೆಗೆ ತಾನು ಒಂದು ಹನಿ ಕುಡಿಯಕೂಡದು. ಕೊಡದವನ ಮೊಮ್ಮಕ್ಕಳು ಕುಡಿಯದೆ ಕೊಡಬೇಕು ಅನ್ನುವ ಲೆಕ್ಕ. ಚೈತ್ರ ವೈಶಾಖದ ಬಿಸಿಲಲ್ಲಿ, ತುಂಬಿದ ಗುಡಾಣಗಳ ಪಕ್ಕದಲ್ಲಿ, ತುಟಿ ಒಡೆದುಕೊಂಡು ನಿಲ್ಲುತ್ತಿದ್ದರು. ಸಂಜೆ ಇವರ ಉಚ್ಚೆ ಅರಿಶಿನ ಕಲಸಿದಂತಿರುತ್ತಿತ್ತು. ಉರಿ ಅನ್ನುತ್ತಿದ್ದರು. ಉರಿದರೆ ಶಾಪ ಕರಗುತ್ತಿದೆ ಎಂದು ಅತ್ತೆಗೆ ಸಂತೋಷ.

ನನ್ನ ಗಂಡ ಹರೆಯದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದರು. ಗುಂಡ್ಲುಪೇಟೆಯ ಮಂಡಿಯಿಂದ ಈರುಳ್ಳಿ, ರಾಗಿ ಹೇರಿಕೊಂಡು ಊಟಿಯ ಘಟ್ಟ ಹತ್ತಿ ಹೋಗುವುದು, ಬರುವಾಗ ಆಲೂಗಡ್ಡೆ. ಕಾಡಿನ ದಾರಿ. ಆನೆಯ ಭಯಕ್ಕೆ ಗಾಡಿಯಿಂದ ಇಳಿಯುವ ಹಾಗಿಲ್ಲ, ಗಂಟೆಗಟ್ಟಲೆ ಉಚ್ಚೆ ಬಿಗಿಹಿಡಿದು ಕೂರಬೇಕು. ಆಳು ನಗುಮುಖದವರು. ಊರಿಗೆಲ್ಲ ಬೇಕಾದವರು. ಮಗಳು ಹುಟ್ಟಿದ ಮೇಲೆ ಒಂದು ಸಲ ಘಟ್ಟದ ಮೇಲಿನಿಂದ ಬಂದವರು ಹುಲ್ಲಿನ ಮೆದೆಯ ಹಿಂದೆ ನಿಂತು ಉಚ್ಚೆ ಹೊಯ್ಯುತ್ತಾ ಅತ್ತರು. ಗಂಡಸು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಬಟ್ಟೆ ಒಗೆಯುವವಳು ನಾನಲ್ಲವೇ, ಪಂಚೆಯಲ್ಲಿ ಕೀವಿನ ಕಲೆ ಕಂಡೆ. ಅತ್ತೆ ಎಳನೀರಿಗೆ ಏನೋ ಬೇರು ತೇಯ್ದು ಕುಡಿಸಿದರು. ಇವರಿಗೆ ವಾಸಿಯಾಯಿತು, ಅಥವಾ ಹಾಗೆ ಕಂಡಿತು. ನನಗೆ ಕಿಬ್ಬೊಟ್ಟೆ ನೋವು, ಜ್ವರ ಬಂದು ಬಹಳ ದಿನ ಮಲಗಿದೆ. ನನಗೆ ಯಾರೂ ಬೇರು ತೇಯಲಿಲ್ಲ. ಅಲ್ಲಿಗೆ ನಾನು ಬಸಿರಾಗುವುದು ಮುಗಿಯಿತು. ಒಬ್ಬಳೇ ಮಗಳು.

ಇವರಿಗೆ ಒಬ್ಬ ತಮ್ಮ, ನನ್ನ ಮೈದುನ. ಅವನು ಗಾಡಿಗೆ ಹೋದವನಲ್ಲ, ಘಟ್ಟ ಹತ್ತಿದವನಲ್ಲ. ಹೊಲ, ಮನೆ, ಲಿಂಗಪೂಜೆ, ಅಣ್ಣ ಊರಲ್ಲಿಲ್ಲದ ದಿನ ಅದೇ ನೇಮದಲ್ಲಿ ಅರವಟ್ಟಿಗೆ, ಇಷ್ಟೇ. ಅವನ ಹೆಂಡತಿ ಬಾಣಂತನದಲ್ಲಿ ತೀರಿಕೊಂಡಳು. ಅವಳ ಎರಡು ಗಂಡುಮಕ್ಕಳನ್ನು ನಾನೇ ಸಾಕುತ್ತಿದ್ದೆ.

ಸ್ವಾತಂತ್ರ್ಯ ಬಂದಮೇಲೆ ಊರವರೆಲ್ಲ ಮೊದಲನೇ ಸಲ ಓಟು ಹಾಕಿ ಬಂದು ಒಂದೆರಡು ವರ್ಷವಾಗಿತ್ತು. ನನಗಿನ್ನೂ ನಲವತ್ತಾಗಿರಲಿಲ್ಲ, ಇವರಿಗೆ ಐವತ್ತು ದಾಟಿತ್ತು. ಕೊಟ್ಟಿಗೆಯ ಹಿಂದೆ ಹೋದವರು ಬೇಗ ಬರುತ್ತಿರಲಿಲ್ಲ. ಒಂದು ದಿನ ಹಸುವಿಗೆ ನೀರಿಡಲು ಹೋದಾಗ ನೋಡಿದೆ. ಎಡಗೈಯನ್ನು ಗೋಡೆಗೆ ಒತ್ತಿ, ತಲೆ ಬಗ್ಗಿಸಿ ನಿಂತಿದ್ದರು. ಸುಮ್ಮನೆ ನಿಂತಿದ್ದರು. ಒಂದೆರಡು ಹನಿ, ಮತ್ತೆ ಏನೂ ಇಲ್ಲ. ಕೆಮ್ಮಣ್ಣು ಸಾರಿಸಿದ ಆ ಗೋಡೆಯಲ್ಲಿ ಅಂಗೈ ಊರಿದ ಜಾಗ ಸವೆದು ಬಿಳಿಚಿಕೊಂಡಿತ್ತು. ಎಷ್ಟು ಕಾಲದಿಂದ ಹೀಗೆ ನಿಲ್ಲುತ್ತಿದ್ದರೋ.

"ಏನಾಯ್ತದೆ ನಿಮ್ಗೆ?" ಅಂದೆ.

"ಏನಿಲ್ಲ ಬುಡು. ಗೋಡೆ ಬೀಳ್ತದೇನೋ ಅಂತ ಇಡ್ಕಂಡಿವ್ನಿ."

ಹಾಗೆ ತಮಾಷೆ ಮಾಡುವ ಜನ.

ಶಿವರಾತ್ರಿ ಹತ್ತಿರ ಬಂದಾಗ ಪ್ರತಿ ವರ್ಷದ ಹಾಗೆ ಗುಂಡ್ಲುಪೇಟೆಯಿಂದ ಕಲಾಯಿ ಸಾಬರು ಬಂದರು. ಅರವಟ್ಟಿಗೆಯ ಹಿತ್ತಾಳೆ ಪಾತ್ರೆಗಳಿಗೆಲ್ಲ ಕಲಾಯಿ ಹಾಕುವವರು ಅವರೇ. ಅವರು ಅಂಗಳದಲ್ಲಿ ಗುಂಡಿ ತೋಡಿ, ತಿದಿ ಹೂಡಿ, ಕೊಳಗವನ್ನು ಕಾಯಿಸುತ್ತಿದ್ದರು. ಇವರು ಜಗಲಿಯ ಮೇಲೆ ಕೂತಿದ್ದರು. ಹಿಂದಿನ ಸಂಜೆಯಿಂದ ಒಂದು ಹನಿ ಉಚ್ಚೆಯೂ ಹೋಗಿರಲಿಲ್ಲ. ಮುಖ ಬೂದಿಯಾಗಿತ್ತು, ಆದರೂ ಬಾಯಿ ಸುಮ್ಮನಿರದು.

"ಸಾಬ್ರೇ, ಪಾತ್ರೆದು ಆದ್ಮೇಲೆ ನನ್ನ ಕೊಳಾಯ್ಗೂ ಒಂಚೂರು ಮದ್ದು ಮಾಡ್ಬುಡಿ. ತುಕ್ಕು ಇಡ್ದು ಕಟ್ಕಂಡದೆ."

ಸಾಬರು ನಗಲಿಲ್ಲ. ತಿದಿ ನಿಲ್ಲಿಸಿ ಇವರ ಹೊಟ್ಟೆ ನೋಡಿದರು. ಪಂಚೆಯ ಕಟ್ಟಿನ ಕೆಳಗೆ ಸೋರೆಬುರುಡೆಯಷ್ಟು ಉಬ್ಬಿತ್ತು.

"ಯಜಮಾನ್ರೇ, ಇದು ನಗಾಡೋ ವಿಷ್ಯ ಅಲ್ಲ. ನಮ್ಮ ಚಿಕ್ಕಪ್ಪಂಗೆ ಹಿಂಗೇ ಆಗಿತ್ತು. ಚಾಮರಾಜನಗರಕ್ಕೆ ಹೋಗಿ. ಅಲ್ಲಿ ಡಾಕ್ಟ್ರು ರಬ್ಬರ್ ನಳಿಕೆ ಹಾಕಿ ಬುಡಿಸ್ತಾರೆ."

ಅತ್ತೆ ಒಳಗಿನಿಂದಲೇ ಹೇಳಿದರು: "ನಿಮ್ದು ಬ್ಯಾರೆ ಕಾಯ್ಲೆ ಕಣ್ ಸಾಬ್ರೇ. ನಮ್ದು ಮನೆತನದ್ದು. ನೀರಿನ ಶಾಪ."

"ಅಮ್ಮಾ, ನಮ್ಮ ಚಿಕ್ಕಪ್ಪ ಮಾಡ್ತಾ ಇದ್ದಿದ್ದೇ ನೀರು ಹೊರೋ ಕೆಲ್ಸ. ಸಾಯೋಗಂಟ ಚರ್ಮದ ಚೀಲ ಬೆನ್ನಿಗೆ ಹಾಕ್ಕೊಂಡು ಪೇಟೆಗೆಲ್ಲ ನೀರು ಹಾಕಿದ್ರು. ಯಾರಿಗೂ ಇಲ್ಲ ಅಂದವ್ರಲ್ಲ. ಅವ್ರಿಗ್ಯಾಕೆ ನಿಂತ್ಕೊಳ್ತು, ನೀವೇ ಹೇಳಿ."

ನನ್ನ ತಲೆಯಲ್ಲಿ ಆ ಮಾತು ಕೂತುಬಿಟ್ಟಿತು. ಊರಿಗೆಲ್ಲ ನೀರು ಕೊಟ್ಟವನಿಗೂ ಬಂದಿದೆ ಅಂದರೆ ಇದಕ್ಕೂ ಬಾವಿಗೂ ಸಂಬಂಧವಿಲ್ಲ.

ಆ ದಿನವೇ ಇವರನ್ನು ಹೊರಡಿಸಿದೆ. ಗುಂಡ್ಲುಪೇಟೆಗೆ ಹೋಗಿ, ಅಲ್ಲಿಂದ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿದೆವು. ಆ ರಸ್ತೆಯ ಗುಂಡಿಗಳನ್ನು ನಾನು ಈಗಲೂ ಮರೆತಿಲ್ಲ. ಬಸ್ಸು ಎತ್ತಿ ಹಾಕಿದಾಗಲೆಲ್ಲ ಇವರು ನನ್ನ ಮಣಿಕಟ್ಟು ಹಿಸುಕುತ್ತಿದ್ದರು. ಪಕ್ಕದಲ್ಲಿ ಕೂತ ಹೆಂಗಸು, "ಏನವ್ವ, ಎರ್ಗೆ ನೋವ್ನಂಗೆ ನಳ್ಳಾಡ್ತಾವ್ರೆ" ಅಂದಳು. ನಿಜವಾಗಿಯೂ ಹಾಗೇ ಇತ್ತು.

ಚಾಮರಾಜನಗರದ ಡಾಕ್ಟರಿಗೆ ವಯಸ್ಸು ಕಮ್ಮಿ, ಮಾತು ಕಮ್ಮಿ. ನಳಿಕೆ ಹಾಕಿದರು. ಬೇಸಿನ್ನು ತುಂಬಿತು, ಇನ್ನೊಂದು ಇಟ್ಟರು. ಇವರು ಕಣ್ಣು ಮುಚ್ಚಿಕೊಂಡು "ಶಿವಾ" ಅಂದರು. ಆಮೇಲೆ ಡಾಕ್ಟರು ಕೈಗೆ ರಬ್ಬರ್ ಚೀಲ ಹಾಕಿಕೊಂಡು ಹಿಂದಿನಿಂದ ಬೆರಳಿಟ್ಟು ಪರೀಕ್ಷೆ ಮಾಡಿದರು. ಕೈ ತೊಳೆಯುತ್ತಾ, "ಕಲ್ಲಿನ ಹಾಗಿದೆ" ಅಂದರು. ಇವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಮಲಗಿದ್ದರು. ಆ ಬೆರಳಿನ ಅವಮಾನವನ್ನು ಇವರು ಸಾಯುವವರೆಗೂ ಬಿಡಲಿಲ್ಲ.

ಡಾಕ್ಟರು ಕೆಲವು ಪ್ರಶ್ನೆ ಕೇಳಿದರು.

"ಯಜಮಾನ್ರೇ, ನಿಮ್ಮ ತಂದೆಗೆ, ಅಣ್ಣತಮ್ಮಂದಿರಿಗೆ ಹೀಗೆ ಆಗಿತ್ತಾ?"

"ಅಪ್ಪಂಗೆ ಆಗಿತ್ತು. ದೊಡ್ಡಪ್ಪಂಗೂ."

"ಏನು ಕೆಲಸ? ಏನು ಊಟ? ನೀರು ಎಷ್ಟು ಕುಡೀತೀರಿ?"

ಇವರು ಗಾಡಿ ಹೊಡೆದದ್ದು, ಮುದ್ದೆ ಸೊಪ್ಪಿನ ಊಟ, ದಿನವಿಡೀ ಬಾಯಲ್ಲಿ ಹೊಗೆಸೊಪ್ಪು, ಎಲ್ಲ ಹೇಳಿದರು. ಅರವಟ್ಟಿಗೆಯ ನೇಮವನ್ನು ನಾನು ಹೇಳಿದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಊರಿಗೆಲ್ಲ ನೀರು ಕೊಟ್ಟು, ತಾನು ಕುಡಿಯದೆ ನಿಂತಿರ್ತಾರಾ? ಬೇಸಿಗೇಲಿ?"

"ಊಂ ಸ್ವಾಮಿ. ಇವ್ರಪ್ಪನೂ ಅಂಗೇ ನಿಂತಿದ್ರು."

"ಅದರಿಂದಲೇ ಗಂಟು ಬಂತು ಅಂತ ನಾನು ಹೇಳಲ್ಲ. ಆದರೆ ಮೈಗೆ ಒಳ್ಳೇದಂತೂ ಅಲ್ಲ." ಆಮೇಲೆ ನನಗೆ, "ನೀವು ಸ್ವಲ್ಪ ಹೊರಗೆ ಇರಿ ಅಮ್ಮ" ಅಂದರು.

ನಾನು ಏಳಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ. ತಗ್ಗಿದ ದನಿಯಲ್ಲಿ ಕೇಳಿದರು: "ಹರೆಯದಲ್ಲಿ ಏನಾದ್ರೂ ಕೀವು ಬರೋ ಕಾಯಿಲೆ ಬಂದಿತ್ತಾ?"

ಇವರು ಸೂರು ನೋಡಿದರು. ಹೊರಗಡೆ ಯಾರದೋ ಮಗು ಕೆಮ್ಮುತ್ತಿತ್ತು.

"ಬಂದಿತ್ತು," ಅಂದೆ ನಾನು. "ಘಟ್ಟದ ಮೇಲಿಂದ ತಂದ್ರು. ನನ್ಗೂ ಕೊಟ್ರು."

ಆ ಒಂದು ಮಾತು ನಮ್ಮಿಬ್ಬರ ನಡುವೆ ಇಪ್ಪತ್ತು ವರ್ಷ ಬಂದಿರಲಿಲ್ಲ. ಇವರು ನನ್ನ ಕಡೆ ತಿರುಗಲಿಲ್ಲ. ಕಾಲಿನ ಹೆಬ್ಬೆರಳು ಮಾತ್ರ ಮಡಚಿಕೊಂಡಿತು.

ಡಾಕ್ಟರು ನಮಗೆ ತಿಳಿಯುವ ಹಾಗೆ ಹೇಳಿದರು. ಇದು ಕೆಲವು ಮನೆತನದಲ್ಲಿ ಹೆಚ್ಚು ಬರುವುದನ್ನು ನಾವು ನೋಡುತ್ತೇವೆ. ಹಳೆಯ ಸೋಂಕು ಒಳಗೆ ಉಳಿದು ಆ ಜಾಗವನ್ನು ಕೆಡಿಸುತ್ತದೋ ಏನೋ ಎಂದು ಅನುಮಾನ ಪಡುವವರಿದ್ದಾರೆ. ಊಟ, ನೀರು, ಕೆಲಸ, ಇದರಲ್ಲೂ ಏನೋ ಇರಬಹುದು. ಯಾವುದು ಎಷ್ಟು ಅಂತ ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಈಗ ನನ್ನ ಮೊಮ್ಮಗಳನ್ನು ಕೇಳಿದರೆ ಅವಳೂ ಸುಮಾರು ಅದನ್ನೇ ಹೇಳುತ್ತಾಳೆ. ಅಪ್ಪನಿಗೋ ಅಣ್ಣನಿಗೋ ಬಂದಿದ್ದರೆ ಮಿಕ್ಕ ಗಂಡಸರಿಗೆ ಬರುವುದು ಹೆಚ್ಚು, ಅದು ಮಾತ್ರ ಗಟ್ಟಿ. ಸೋಂಕಿನ ವಿಷಯ ಇನ್ನೂ ಗಟ್ಟಿಯಾಗಿಲ್ಲ ಅಜ್ಜಿ ಅನ್ನುತ್ತಾಳೆ. ಇಷ್ಟು ವರ್ಷ ಓದಿ ಅಷ್ಟೇ ದೂರ ಬಂದಿದ್ದಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಾರಲ್ಲ, ಅದು ನಮ್ಮ ಅತ್ತೆಗಿಂತ ವಾಸಿ.

ಆಮೇಲೆ ಡಾಕ್ಟರು ಆ ದಾರಿ ಹೇಳಿದರು. ಮೈಸೂರಿಗೆ ಹೋಗಬೇಕು. ಅಲ್ಲಿ ಆಪರೇಷನ್ ಮಾಡಿ ಬೀಜ ಎರಡನ್ನೂ ತೆಗೆಯುತ್ತಾರೆ. ಗಂಡಸಿನ ಮೈಯಲ್ಲಿ ಊರುವ ಒಂದು ರಸ ಆ ಗಂಟನ್ನು ಬೆಳೆಸುತ್ತದೆ. ಅದು ನಿಂತರೆ ಗಂಟು ಕುಗ್ಗುತ್ತದೆ. "ಪೂರ್ತಿ ವಾಸಿ ಆಗುತ್ತೆ ಅನ್ನಲ್ಲ. ವರ್ಷಗಳು ಸಿಗ್ತವೆ. ನೋವು ತಗ್ಗುತ್ತೆ. ಬೆನ್ನು ನೋವು ಶುರುವಾಗೋ ಮುಂಚೆ ಹೋಗಿ."

ಇವರು ಎದ್ದು ಕೂತರು. ಡಾಕ್ಟರನ್ನು ಬಿಟ್ಟು ನನ್ನನ್ನು ನೋಡಿ ಹೇಳಿದರು.

"ಬೀಜ ಒಡ್ಸಾಕ್ಕ ನನ್ನ ಇಲ್ಲಿಗಂಟ ಕರ್ಕ ಬಂದ್ಯಾ? ಊರ್ಲೇ ಇದ್ನಲ್ಲ ಹೋರಿ ಬೀಜ ಒಡಿಯೋನು. ಅವ್ನ ಕೈಲೇ ಒಡುಸ್ಬೋದಿತ್ತು, ಬಸ್ ಚಾರ್ಜ್ ಉಳಿತಿತ್ತು."

ನಮ್ಮಲ್ಲಿ ಹೋರಿಗಳನ್ನು ಉಳುವುದಕ್ಕೆ ಪಳಗಿಸುವ ಮೊದಲು ಕೆಡವಿಕೊಂಡು ಬೀಜ ಒಡೆಯುತ್ತಾರೆ. ಹೋರಿ ಕೆಡವಿದಾಗ ಹಗ್ಗ ಹಿಡಿಯುವುದಕ್ಕೆ ಊರವರು ಇವರನ್ನೇ ಕರೆಯುತ್ತಿದ್ದರು. ಅದರ ಕೂಗು, ಬಾಯ ನೊರೆ, ಎಲ್ಲವನ್ನೂ ಹತ್ತಿರದಿಂದ ಕಂಡವರು.

"ಇಲ್ಲಿ ಮತ್ತು ಕೊಟ್ಟು ಮಾಡ್ತಾರೆ ಕಣ್ರೀ. ನೋವಾಗಕ್ಕಿಲ್ಲ," ಅಂದೆ.

"ನೋವಿನ ಮಾತಲ್ಲ ಕಣೇ."

"ಮತ್ತಿನ್ಯಾತರ ಮಾತು? ನಮ್ಮ ಎತ್ತುಗ್ಳು ಸತ್ತೋದ್ವಾ? ಬೀಜ ಒಡ್ಸ್ಕಂಡ ಎತ್ತು ಗೂಳಿಗಿಂತ ಎಚ್ಚು ಕಾಲ ಬಾಳ್ತದೆ, ನೀವೇ ಏಳ್ತಿದ್ರಿ. ನೀವೂ ಬಾಳಿ."

ಡಾಕ್ಟರಿಗೆ ನಗು ಬಂದು ಕಿಟಕಿ ಕಡೆ ತಿರುಗಿದರು. ಇವರಿಗೆ ಬರಲಿಲ್ಲ.

"ನಾಳಿಕ್ಕೆ ನಾನು ಸತ್ತಾಗ ಮೈ ತೊಳಿಯೋರು ಯಾರು? ನಮ್ಮ ಕೇರಿಯೋರೇ ತಾನೆ? ಪಂಚೆ ಬಿಚ್ಚಿ ನೋಡ್ತಾರೆ. ಗುಂಡಿಗೆ ಕುಂಡ್ರಸೋಗಂಟ ಅದೇ ಮಾತಾಡ್ಕತಾರೆ. ಎಂಗಿದ್ದೋನು ಎಂಗೋದ ಅಂತ. ಆ ಮಾತು ನನ್ನ ತಮ್ಮ ಕೇಳ್ಬೇಕು, ಆ ಮಕ್ಳು ಕೇಳ್ಬೇಕು."

ನಮ್ಮಲ್ಲಿ ಹೆಣವನ್ನು ಸುಡುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟು, ಪದ್ಮಾಸನದಲ್ಲಿ ಕೂರಿಸಿ ಹೂಳುತ್ತೇವೆ. ಆ ಮೈ ತೊಳೆಯುವ ಹೊತ್ತಿಗೆ ಹೆದರಿ ಈ ಮನುಷ್ಯ ಬದುಕುವುದನ್ನು ಬೇಡ ಅಂದರು. ಬೇರೆ ಜಾತಿಯಲ್ಲಿ ಹುಟ್ಟಿ, ಸತ್ತಮೇಲೆ ಬಟ್ಟೆ ಸಮೇತ ಸುಡುವ ಹಾಗಿದ್ದರೆ ಒಪ್ಪುತ್ತಿದ್ದರೋ ಏನೋ. ನಾನು ಅಂಗಲಾಚಿದೆ. ಕಾಲು ಹಿಡಿದೆ. ಬೈದೆ. ಕೆಲವು ದಿನ ಆಸ್ಪತ್ರೆಯಲ್ಲಿ ನಳಿಕೆ ಇಟ್ಟು, ತೆಗೆದಮೇಲೆ ಉಚ್ಚೆ ದಾರದಂತೆ ಬಂತು. "ನೋಡು, ಬತ್ತಾದಲ್ಲ" ಅಂದು ಎದ್ದು ಹೊರಟರು.

ಮನೆಗೆ ಬಂದಮೇಲೆ ತಾಯಿಮಗ ಸೇರಿ ನೇಮವನ್ನು ಇನ್ನೂ ಬಿಗಿ ಮಾಡಿದರು. ನೀರು ಸಾಲದು, ಮಜ್ಜಿಗೆ ಕೊಡೋಣ. ಬೇಸಿಗೆ ಸಾಲದು, ವರ್ಷವಿಡೀ ಕೊಡೋಣ. ಶುಂಠಿ, ಉಪ್ಪು, ಕರಿಬೇವು ಕುಟ್ಟಿ ಹಾಕಿ ಗುಡಾಣಗಟ್ಟಲೆ ಮಜ್ಜಿಗೆ. ಕಡೆದವಳು ನಾನು. ಹೊಯ್ದವರು ಇವರು, ಬಾಯಿಗೆ ಒಂದು ತೊಟ್ಟೂ ಇಲ್ಲದೆ. ಲಾರಿಯವರು, ಗಾಡಿಯವರು, ಮಲಯಾಳದ ಕೂಲಿಗಳು ಬೊಗಸೆಯೊಡ್ಡಿ ಕುಡಿದು, "ನಿಮ್ಮ ಹೊಟ್ಟೆ ತಣ್ಣಗಿರಲಿ" ಎಂದು ಹರಸಿ ಹೋಗುತ್ತಿದ್ದರು. ನನಗೆ ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು.

ಮಳೆಗಾಲ ಕಳೆದು ಅವರೆ ಬಿಡಿಸುವ ಕಾಲಕ್ಕೆ ಬೆನ್ನು ನೋವು ಶುರುವಾಯಿತು. ಮೊದಲು ಸೊಂಟ ಹಿಡಿದಿದೆ ಅಂದರು. ಎಣ್ಣೆ ತೀಡಿದೆ. ಆಮೇಲೆ ಎಣ್ಣೆಯ ಕೈ ತಾಗಿದರೂ ಕೂಗುತ್ತಿದ್ದರು. ಕೂತು ಲಿಂಗಪೂಜೆ ಮಾಡಲು ಕಾಲು ಮಡಚಲಾಗುತ್ತಿರಲಿಲ್ಲ. ಒರಗಿಕೊಂಡೇ ಅಂಗೈಯಲ್ಲಿ ಲಿಂಗ ಇಟ್ಟುಕೊಳ್ಳುತ್ತಿದ್ದರು, ಬಿಲ್ವಪತ್ರೆ ಕೆಳಗೆ ಬೀಳುತ್ತಿತ್ತು. ನಾನು ಎತ್ತಿಡುತ್ತಿದ್ದೆ. "ಈಗ್ಲಾದ್ರೂ ಓಗನ" ಅಂದೆ. "ಈಗ್ಯಾಕಮ್ಮಿ" ಅಂದರು. ಅತ್ತೆ ಆ ಹೊತ್ತಿಗೆ ಶಾಪದ ಜೊತೆ ನನ್ನನ್ನೂ ಸೇರಿಸಿದ್ದರು: "ಗಂಡ್ಮಗ ಎರ್ಲಿಲ್ಲ, ನೀರು ಕಟ್ಟಿದ್ಮ್ಯಾಲೆ ಡಾಕ್ಟ್ರ ತಾವ ಕರ್ಕೊಂಡೋಗಿ ಮುಟ್ಬಾರದ ಜಾಗ ಮುಟ್ಟಿಸುದ್ಲು. ಆವತ್ತಿಂದ್ಲೇ ಎಚ್ಚಾಯ್ತು." ಗಂಡುಮಗು ಯಾಕೆ ಆಗಲಿಲ್ಲ ಎಂದು ಆಕೆಗೆ ಗೊತ್ತಿತ್ತು. ಬೇರು ತೇಯ್ದ ಕೈ ಆಕೆಯದೇ.

ಮತ್ತೆ ಶಿವರಾತ್ರಿ ಬಂತು. ಕಲಾಯಿ ಸಾಬರು ಬಂದು ಇವರನ್ನು ನೋಡಿ ಪಾತ್ರೆ ಬೆಳಗಿ ಹೋದರು, ಕೂಲಿ ಮುಟ್ಟಲಿಲ್ಲ. ಕಾಲು ಸ್ವಾಧೀನ ತಪ್ಪಿದ್ದವು. ಹಾಸಿಗೆಯಲ್ಲೇ ಎಲ್ಲ. ಬಿಸಿಲು ಏರುವ ಹೊತ್ತಿನಲ್ಲಿ ಒಂದು ದಿನ ನನ್ನನ್ನು ಕರೆದು, "ವಸಿ ನೀರು ಕುಡ್ಸಮ್ಮಿ" ಅಂದರು. ಹೊತ್ತು ಮುಳುಗಿರಲಿಲ್ಲ. ಹಾಸಿಗೆ ಹಿಡಿದ ಮೇಲೂ ಬಿಟ್ಟಿರದ ನೇಮ ಮುರಿದರು. ಕುಡಿಸಿದೆ. ಎರಡನೇ ಗುಟುಕು ತುಟಿಯಿಂದ ಹೊರಗೆ ಬಂತು.

ಆ ಮಧ್ಯಾಹ್ನವೇ ಹೂಳಿದರು. ಕೇರಿಯ ಗಂಡಸರು ಚಪ್ಪರದಲ್ಲಿ ಮೈ ತೊಳೆದರು. ತಡಿಕೆಯ ಈಚೆಗೆ ನಿಂತು ನಾನು ಕೇಳಿಸಿಕೊಂಡೆ. ಇವರು ಯಾವ ಮಾತಿಗೆ ಹೆದರಿದ್ದರೋ ಆ ಜಾಗದ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಯಾರೂ ನೋಡಲೇ ಇಲ್ಲ ಅನ್ನಿಸುತ್ತದೆ. "ಮೂಳೆ ಚಕ್ಳ ಆಗೋಗವ್ನಲ್ಲೋ, ಎಂಗ್ಲಾ ಎತ್ತನ" ಎಂದು ಒಬ್ಬ, "ಮೆತ್ತಗೆ ಇಡೀಲಾ, ಬೆನ್ನು" ಎಂದು ಇನ್ನೊಬ್ಬ. ಅಷ್ಟೇ. ನೋವಿಗೆ ಮಡಚಲಾಗದಿದ್ದ ಆ ಕಾಲುಗಳನ್ನು ಒತ್ತಿ ಮಡಚಿ ಪದ್ಮಾಸನ ಹಾಕಿಸಿದರು. ಈಗ ಸುಲಭವಾಗಿ ಮಡಚಿಕೊಂಡವು.

ಹೆಣ ಹೂಳಿದ ಹೊಲದಿಂದ ಎಲ್ಲರೂ ಬಂದಮೇಲೆ ನಾನು ಹಸುವಿಗೆ ನೀರಿಡಲು ಕೊಟ್ಟಿಗೆಯ ಹಿಂದೆ ಹೋದೆ. ಸಾವಾದರೂ ಹಸುವಿಗೆ ಬಾಯಾರಿಕೆ ಆಗುತ್ತದಲ್ಲ. ಅಲ್ಲಿ ಮೈದುನ ನಿಂತಿದ್ದ. ಬೆನ್ನು ನನ್ನ ಕಡೆಗೆ. ಎಡಗೈಯನ್ನು ಗೋಡೆಗೆ ಒತ್ತಿದ್ದ. ಅದೇ ಜಾಗ. ಕೆಮ್ಮಣ್ಣು ಸವೆದು ಬಿಳಿಚಿಕೊಂಡ ಆ ಅಂಗೈ ಗುರುತಿನ ಮೇಲೇ ಅವನ ಅಂಗೈ. ತಲೆ ಬಗ್ಗಿಸಿ ಸುಮ್ಮನೆ ನಿಂತಿದ್ದ. ಒಂದೆರಡು ಹನಿ ಬಿದ್ದ ಸದ್ದು, ಮತ್ತೆ ಏನೂ ಇಲ್ಲ.

ಕೈಯಲ್ಲಿದ್ದ ಬಕೀಟು ಕೆಳಗಿಟ್ಟೆ. ಆ ಗೋಡೆಯನ್ನು ಸವೆಸಿದ್ದು ಇವರೊಬ್ಬರೇ ಅಲ್ಲ ಎಂದು ಆಗ ತಿಳಿಯಿತು.

"ಎಸ್ಟು ದಿನದಿಂದ ಕಣಪ್ಪ?" ಅಂದೆ.

ಬೆಚ್ಚಿಬಿದ್ದು ಪಂಚೆ ಸರಿಮಾಡಿಕೊಂಡ. "ಏನಿಲ್ಲ ಅತ್ಗೆ. ಸುಮ್ನೆ."

"ಗೋಡೆ ಬೀಳ್ತದೆ ಅಂತ ಇಡ್ಕಂಡಿದ್ಯಾ?"

ಅವನ ಮುಖ ಕುಸಿಯಿತು. "ಓದ ಸುಗ್ಗಿಯಿಂದ," ಅಂದ. "ಅವ್ವಂಗೆ ಏಳ್ಬೇಡ ಅತ್ಗೆ. ಅಣ್ಣಂದು ಮುಗೀಲಿ ಅಂತ ಸುಮ್ನಿದ್ದೆ. ನಾಳಿಂದ ದಿನಾ ಅರವಟ್ಗೇಲಿ ನಾನೇ ನಿಂತ್ಕತೀನಿ. ನೇಮ ತಪ್ಪುಸಕ್ಕಿಲ್ಲ."

ನನಗೆ ಅಳು ಬರಲಿಲ್ಲ. ಗಂಡನ ಹೆಣ ಹೋದಾಗ ಬಂದಿತ್ತು, ಇಲ್ಲಿ ಬರಲಿಲ್ಲ. ನಿಂತಲ್ಲೇ ಯೋಚನೆ ಮಾಡಿದೆ. ಅಣ್ಣನಿಗೆ ಘಟ್ಟದ ಕಾಯಿಲೆ ಬಂದಿತ್ತು. ಇವನಿಗೆ ಬಂದಿಲ್ಲ, ಇವನು ಹೆಂಡತಿಯನ್ನು ಬಿಟ್ಟು ಇನ್ನೊಂದು ಹೆಣ್ಣಿನ ನೆರಳು ಕಂಡವನಲ್ಲ. ಅಣ್ಣ ಗಾಡಿಯಲ್ಲಿ ಕೂತು ಬಿಗಿಹಿಡಿದ, ಇವನು ಹೊಲದಲ್ಲಿದ್ದ. ಆದರೂ ಇಬ್ಬರ ಅಂಗೈಯೂ ಒಂದೇ ಗೋಡೆಗೆ ಬಂತು. ಹಾಗಾದರೆ ಇಬ್ಬರಿಗೂ ಸೇರಿದ್ದು ಏನು? ಅಪ್ಪ. ಆ ಬಾವಿ. ಆ ಕುಡಿಯದ ನೇಮ. ಅಪ್ಪನನ್ನು ಬದಲಾಯಿಸಲಾಗುವುದಿಲ್ಲ. ಮಿಕ್ಕದ್ದು ನನ್ನ ಕೈಯಲ್ಲಿದೆ. ಅಂಗಳದಲ್ಲಿ ಅವನ ಇಬ್ಬರು ಮಕ್ಕಳು ದೊಡ್ಡಪ್ಪ ಯಾವಾಗ ಬರುತ್ತಾರೆ ಎಂದು ಅತ್ತೆಯನ್ನು ಕೇಳುತ್ತಿದ್ದವು. ಅವೂ ಗಂಡುಮಕ್ಕಳೇ.

"ನಿನ್ಗೆ ಬೆನ್ನು ನೋಯ್ತದಾ?" ಅಂದೆ.

"ಇಲ್ಲ."

"ದಿಟ ಏಳು."

"ನನ್ನ ಲಿಂಗದಾಣೆಗೂ ಇಲ್ಲ ಅತ್ಗೆ."

ಮಾರನೆಯ ಬೆಳಗ್ಗೆ ಎದ್ದಾಗ ಮೈದುನ ಮಿಂದು, ವಿಭೂತಿ ಧರಿಸಿ, ಚಪ್ಪರದಲ್ಲಿ ಗುಡಾಣಗಳ ಮುಂದೆ ನಿಂತಿದ್ದ. ನಾನು ಹೋಗಿ ಚೆಂಬು ಅದ್ದಿ ಅವನ ಕೈಗೆ ಕೊಟ್ಟೆ. "ಕುಡಿ" ಅಂದೆ. ಅವನು ಅವ್ವನ ಕಡೆ ನೋಡಿದ.

"ಅಯ್ಯೋ ಪಾಪಿಮುಂಡೆ," ಎಂದು ಅತ್ತೆ ಹೊಸಿಲ ಮೇಲೆ ಬಂದು ನಿಂತರು. "ಒಬ್ಬುನ್ನ ನುಂಗ್ದೆ, ಇವ್ನನ್ನೂ ನುಂಗಿಯಾ? ಗುಂಡಿ ಮಣ್ಣು ಇನ್ನೂ ಒಣ್ಗಿಲ್ಲ!"

"ಅದ್ಕೇ ಅತ್ತೆ. ಅದು ಒಣಗೋದ್ರೊಳ್ಗೆ ಪಕ್ದಲ್ಲಿ ಇನ್ನೊಂದು ತೋಡ್ಬಾರ್ದು. ಕುಡಿಯಪ್ಪ."

ಅವನು ಕಣ್ಣು ಮುಚ್ಚಿಕೊಂಡು ಕುಡಿದ. ಆ ಮನೆಯ ಗಂಡಸು ಆ ಚಪ್ಪರದಲ್ಲಿ ಬೆಳಗಿನ ಹೊತ್ತು ನೀರು ಕುಡಿದದ್ದು ಅದೇ ಮೊದಲು. ಏನೂ ಆಗಲಿಲ್ಲ, ಮಗುವಿನ ಹಾಗೆ ಬಾಯಿ ಒರೆಸಿಕೊಂಡ.

ನಮ್ಮಲ್ಲಿ ಸೂತಕವಿಲ್ಲ ಎಂದು ಮಠದ ಅಯ್ಯನವರು ಹೇಳುತ್ತಾರೆ. ಹೇಳುವುದು ಹಾಗೆ, ನಿನ್ನೆ ಗಂಡ ಸತ್ತವಳು ಇವತ್ತು ಮೈದುನನ ಜೊತೆ ರಸ್ತೆಯಲ್ಲಿ ನಿಂತರೆ ನೋಡುವುದು ಬೇರೆ. ಕೇರಿಯೆಲ್ಲ ಜಗಲಿಗೆ ಬಂತು. ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು ಗುಂಡ್ಲುಪೇಟೆಯ ಮೊದಲ ಬಸ್ಸಿಗೆ ಕೈ ಅಡ್ಡ ಹಾಕಿದೆ. ತೆರಕಣಾಂಬಿ ದಾರಿಯ ಗುಂಡಿಗಳಲ್ಲಿ ಮೈದುನ ಒಂದು ಸಲವೂ ನನ್ನ ಕೈ ಹಿಸುಕಲಿಲ್ಲ. ಇವನಿಗೆ ಇನ್ನೂ ಅಷ್ಟು ನೋವಿಲ್ಲ ಎಂದು ಪ್ರತಿ ಗುಂಡಿಯಲ್ಲೂ ಅಂದುಕೊಂಡೆ.

ಡಾಕ್ಟರು ನನ್ನ ಬರಿ ಹಣೆ ನೋಡಿ ಎಲ್ಲ ತಿಳಿದುಕೊಂಡರು. ಏನೋ ಹೇಳಲು ಬಾಯಿ ತೆರೆದರು. ನಾನು ಬಿಡಲಿಲ್ಲ. ಮೈದುನನನ್ನು ಬೆಂಚಿನ ಮೇಲೆ ಕೂರಿಸಿ, ಅವರು ಕೇಳುವ ಮೊದಲೇ ಹೇಳಿದೆ.

"ಇವ್ನ ಅಪ್ಪ, ದೊಡ್ಡಪ್ಪ, ಅಣ್ಣ, ಮೂರು ಜನ ಇದ್ರಲ್ಲೇ ಓದ್ರು. ಕೀವಿನ ಕಾಯ್ಲೆ ಇವ್ನಿಗೆ ಬಂದಿಲ್ಲ. ಇವತ್ತು ಬೆಳಿಗ್ಗೆ ನೀರು ಕುಡಿಸಿ ಕರ್ಕ ಬಂದಿವ್ನಿ. ಬೆರ್ಳಾಕಿ ನೋಡಿ ಸ್ವಾಮಿ. ನಾನು ಇಲ್ಲೇ ಬಾಗ್ಲಲ್ಲಿ ನಿಂತಿರ್ತೀನಿ, ಎದ್ದೋಗಕ್ಕೆ ಬುಡಕ್ಕಿಲ್ಲ."

ಬಾಗಿಲು ಮುಂದಕ್ಕೆ ಎಳೆದು, ಅದಕ್ಕೆ ಬೆನ್ನು ಕೊಟ್ಟು ನಿಂತೆ.